ದಾಸಮ್ಮ ರುಚಿ ನೋಡಿದ ಬೀರು

ದಾಸಮ್ಮ ರುಚಿ ನೋಡುವಾಗ ಸುತ್ತ ನಿಂತವರು ಮಾತು ನಿಲ್ಲಿಸುತ್ತಾರೆ. ಸೌಟನ್ನು ಎಡಗೈಗೆ ಬದಲಿಸಿಕೊಂಡು, ಬಲ ಅಂಗೈಯನ್ನು ಗುಳಿ ಮಾಡಿ, ಕುದಿಯುವ ಸಾರಿನ ಎರಡು ಹನಿಯನ್ನು ಅದರೊಳಗೆ ಬಿಟ್ಟುಕೊಂಡು, ಊದಿ ಆರಿಸುವ ಉಪಚಾರವನ್ನೂ ಮಾಡದೆ ನಾಲಿಗೆಗೆ ಸೋಕಿಸಿ, ಕಣ್ಣು ಮುಚ್ಚಿ, ಗದ್ದವನ್ನು ತುಸು ಮೇಲೆತ್ತಿ ನಿಂತುಬಿಡುತ್ತಾಳೆ. ಆ ಕ್ಷಣ ಅವಳ ಮುಖದಲ್ಲಿ ಮೂಡುವ ಗಾಂಭೀರ್ಯವನ್ನು ಕಂಡ ಅಡುಗೆಯವರಿಗೆ, ಅವರು ಎಷ್ಟು ಮದುವೆ ಮಾಡಿಸಿದ ಗಟ್ಟಿಗರೇ ಆಗಿರಲಿ, ಒಲೆಯ ಸೌದೆ ಹಿಂದಕ್ಕೆಳೆಯುವುದೂ ಮರೆತುಹೋಗುತ್ತದೆ. ಆಮೇಲೆ ಕಣ್ಣು ತೆರೆದು ಒಂದೇ ಮಾತು. "ಉಪ್ಪು ಒಸಿ ಹಿಂದೈತೆ." ಅಥವಾ, "ಹುಳಿ ಮುಂದ್ಕೆ ಬಂದು ಕುಂತದೆ." ಅಷ್ಟು ಹೇಳಿ, ಅಂಗೈಯನ್ನು ಸೆರಗಿನ ಮೂಲೆಗೆ ಒರೆಸಿ, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟುವಂಥ ತನ್ನ ನಡಿಗೆಯಲ್ಲಿ ಹೊರಟುಬಿಡುತ್ತಾಳೆ. ಅವಳ ಯಾವ ಸೀರೆಯನ್ನು ತೆಗೆದು ನೋಡಿದರೂ ಸೆರಗಿನ ಆ ಒಂದು ಮೂಲೆ ಮಾತ್ರ ಅರಿಸಿನ, ಮೆಣಸಿನಕಾಯಿ, ಹುಣಿಸೆಹಣ್ಣುಗಳ ಚರಿತ್ರೆಯನ್ನೆಲ್ಲ ಹೀರಿಕೊಂಡು ಬೇರೆಯೇ ಬಣ್ಣಕ್ಕೆ ತಿರುಗಿರುತ್ತದೆ.

ಬೈರಾಪಟ್ಟಣದಲ್ಲಿ ಮದುವೆಯಿರಲಿ, ಗೃಹಪ್ರವೇಶವಿರಲಿ, ಎಲೆ ಹಾಕುವ ಮುನ್ನ "ದಾಸಮ್ಮುನ್ನ ಕರೀರ್ಲಾ" ಎಂಬ ಕೂಗು ಏಳಲೇಬೇಕು. ಕರೆಯದಿದ್ದರೂ ಅವಳು ಹೋಗುತ್ತಾಳೆನ್ನಿ. ಈ ಚಟ ಅಡುಗೆಮನೆಗೆ ಮಾತ್ರ ಸೀಮಿತವಾಗಿದ್ದರೆ ಹೇಗೋ ಸಹಿಸಬಹುದಿತ್ತು; ಹೊಸ ಬೋರ್‌ವೆಲ್ಲಿನ ಮೊದಲ ನೀರು, ಅಂಗಡಿಯ ಉಪ್ಪು, ಹಸುವಿನ ಬೂಸಾ, ಯಾವುದೂ ಅವಳ ಪರೀಕ್ಷೆಯಿಂದ ತಪ್ಪಿಸಿಕೊಳ್ಳಲಾರದು. ಒಮ್ಮೆ ಪಶುವೈದ್ಯರು ಕುರಿಗಳಿಗೆಂದು ಕೊಟ್ಟ ಜಂತುಹುಳದ ಔಷಧಿಯನ್ನು ಅವರ ಕಣ್ಣೆದುರಿಗೇ ಅಂಗೈಗೆ ಬಿಟ್ಟುಕೊಂಡು ನೆಕ್ಕಿ, "ಇಷ್ಟು ಘಾಟಿದ್ರೆ ಮರಿಗಳು ಉಗೀತವೆ ಕಣಪ್ಪ, ಒಸಿ ಬೆಲ್ಲ ಹಾಕಿ" ಎಂದಿದ್ದಳು. ಇವಳಿಗೆ ಏನಾಗುವುದೋ ಎಂದು ಆ ಪುಣ್ಯಾತ್ಮರು ಸಂಜೆಯವರೆಗೂ ಅವಳ ಮನೆಯ ಜಗಲಿ ಬಿಟ್ಟು ಕದಲಲಿಲ್ಲ.

ಇಂಥವಳಿಗೆ ದೇವರು ಕೊಟ್ಟ ಗಂಡನೋ, ನಾಲಿಗೆಯೇ ಇಲ್ಲದ ಪುಟ್ಟಲಿಂಗಯ್ಯ. ಮಾತಿಗೆ ನಾಲಿಗೆ ಇತ್ತು, ಕುರಿಗಳನ್ನು ಕೂಗಿ ಕರೆಯುವುದಕ್ಕೂ ಇತ್ತು. ರುಚಿಗೆ ಮಾತ್ರ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ದಾಸಮ್ಮ ಗಾಬರಿಯಲ್ಲಿ ಉಪ್ಸಾರಿಗೆ ಉಪ್ಪನ್ನು ಒಮ್ಮೆ ಹಾಕಿ, ಹಾಕಿದ್ದು ಮರೆತು ಮತ್ತೊಮ್ಮೆ ಹಾಕಿದ್ದಳಂತೆ. ಆತ ಒಂದೂ ಮಾತಾಡದೆ ಮುದ್ದೆ ಮುರಿದು ಮುರಿದು ಅದರಲ್ಲಿ ಅದ್ದಿ ಉಂಡು, ಕೈ ತೊಳೆದು, ಕುರಿ ಹೊಡೆದುಕೊಂಡು ಹೋದ. ತಾನು ಉಣ್ಣಲು ಕೂತಾಗ ಮೊದಲ ತುತ್ತಿಗೇ ಅವಳಿಗೆ ಕಣ್ಣಲ್ಲಿ ನೀರು ಬಂತು. ಈ ಮನುಷ್ಯ ಕಲ್ಲು ಹಾಕಿದರೂ ತಿಂದು ಎದ್ದು ಹೋಗುವ ಜಾತಿ, ಇವನ ಹೊಟ್ಟೆಯನ್ನು ಇವನ ನಾಲಿಗೆ ಕಾಯಲಾರದು ಎಂದು ಆ ಮಧ್ಯಾಹ್ನವೇ ಅವಳಿಗೆ ಅರ್ಥವಾಯಿತು. ಅಂದಿನಿಂದ ಆತನ ತಟ್ಟೆಗೆ ಬಿದ್ದದ್ದೆಲ್ಲ ಮೊದಲು ಅವಳ ಅಂಗೈಯ ಮೂಲಕ ಹಾದುಬರತೊಡಗಿತು. ಆತನೂ ಅದಕ್ಕೆ ಎಷ್ಟು ಒಗ್ಗಿಹೋದನೆಂದರೆ, ನೆಂಟರ ಮನೆಯ ಪಂಕ್ತಿಯಲ್ಲಿ ಕೂತಾಗಲೂ ಎಲೆಯ ಮುಂದೆ ಕೈಕಟ್ಟಿಕೊಂಡು, ಹೆಂಗಸರ ಸಾಲಿನ ಕಡೆ ಕತ್ತು ಉದ್ದ ಮಾಡಿ, ಅವಳು ತಲೆ ಆಡಿಸಿದ ಮೇಲೆಯೇ ತುತ್ತೆತ್ತುತ್ತಿದ್ದ. ಊರವರು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಆತನ ಅಣ್ಣ ದೊಡ್ಡಹನುಮಯ್ಯ: "ಹೆಂಡ್ತಿ ಎಂಜ್ಲು ಇಲ್ದಿದ್ರೆ ನಮ್ಮ ಪುಟ್ಟುಂಗೆ ಗಂಟ್ಲಲ್ಲಿ ಇಳಿಯಾಕಿಲ್ಲ ಕಣ್ರಪ್ಪ!" ಪುಟ್ಟಲಿಂಗಯ್ಯನೂ ಅವರ ಜೊತೆ ಸೇರಿ ನಕ್ಕು, ಊಟ ಮುಂದುವರಿಸುತ್ತಿದ್ದ.

ದಾಸಮ್ಮನ ನಾಲಿಗೆಗೆ ವರ್ಷದಲ್ಲಿ ಒಂದು ದಿನ ಮಾತ್ರ ಬೀಗ. ಪಿತೃಪಕ್ಷದಲ್ಲಿ ಮನೆಯ ಹಿರಿಯರಿಗೆ ಎಡೆ ಇಡುವ ದಿನವದು. ಸತ್ತವರು ಬದುಕಿದ್ದಾಗ ಏನನ್ನು ಇಷ್ಟಪಟ್ಟು ತಿನ್ನುತ್ತಿದ್ದರೋ, ಏನನ್ನು ಕುಡಿಯುತ್ತಿದ್ದರೋ, ಅದನ್ನೇ ಬಾಳೆಲೆಯ ಮೇಲೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರಬೇಕು. ಅವರು ಬಂದು ಉಂಡುಹೋಗುತ್ತಾರೆ. ಅವರಿಗಿಂತ ಮೊದಲು ಬದುಕಿರುವವರ ನಾಲಿಗೆಗೆ ಒಂದು ಹನಿ ಸೋಕಿದರೂ ಅಡುಗೆಯೆಲ್ಲ ಎಂಜಲು. ಆ ದಿನ ದಾಸಮ್ಮ ತನ್ನ ಕೈಯ ಮೇಲೆ ತನಗೇ ನಂಬಿಕೆಯಿಲ್ಲದೆ ಬಾಯಿಗೆ ಅಡ್ಡಲಾಗಿ ಬಟ್ಟೆ ಕಟ್ಟಿಕೊಂಡು ಒಲೆಯ ಮುಂದೆ ಕೂರುತ್ತಿದ್ದಳು. ಅವಳ ಮಾವನ ಎಡೆಗೆ ನಾಟಿಕೋಳಿ ಮತ್ತು ಬ್ರಾಂದಿ, ಅತ್ತೆಯ ಎಡೆಗೆ ಕಡಲೆಬೇಳೆ ಪಾಯಸ ಮತ್ತು ಎಲೆಅಡಿಕೆ. ಇದರಲ್ಲಿ ಯೋಚಿಸುವಂಥದ್ದು ಎಂದೂ ಏನೂ ಇರಲಿಲ್ಲ.

ಯೋಚಿಸಬೇಕಾಗಿ ಬಂದದ್ದು ಗಂಡನಿಗೇ ಎಡೆ ಇಡುವ ಸರದಿ ಬಂದಾಗ. ಮೈಸೂರು ರಸ್ತೆ ಅಗಲವಾಗುತ್ತಾ, ಬಿಡದಿಯ ಕಾರ್ಖಾನೆಗಳು ಹೊಲಗದ್ದೆಗಳನ್ನು ದಾಟಿ ರಾಮನಗರದ ಕಡೆ ಮೈಚಾಚುತ್ತಾ ಬಂದ ವರ್ಷಗಳಲ್ಲಿ, ಆ ರಸ್ತೆಯ ಪಕ್ಕದಲ್ಲೇ ಬೀರನ್ನು ಅಲ್ಲೇ ಕುದಿಸಿ ಅಲ್ಲೇ ಕುಡಿಸುವ ಒಂದು ದೊಡ್ಡ ಗಾಜಿನ ಮನೆ ಎದ್ದಿತು. ಅದರ ಅಡುಗೆಮನೆಗೆ ಮಾಂಸ ಕೊಳ್ಳುತ್ತಿದ್ದ ರಾಮನಗರದ ವಹಾಬನಿಗೆ ಪುಟ್ಟಲಿಂಗಯ್ಯನ ಕುರಿಮರಿಗಳ ಮೇಲೆ ಪ್ರೀತಿ ಹುಟ್ಟಿ, ಪುಟ್ಟಲಿಂಗಯ್ಯನೇ ಅಲ್ಲಿಗೆ ಮರಿಗಳನ್ನು ಒಯ್ಯುವುದು ರೂಢಿಯಾಯಿತು. ಬಿಸಿಲಲ್ಲಿ ಬಂದ ಮುದುಕನೆಂಬ ಮರ್ಯಾದೆಗೆ ಅಲ್ಲಿಯವರು ಒಂದು ಲೋಟ ಬೀರು ಕೊಟ್ಟರು. ಆ ಸಂಜೆ ಪುಟ್ಟಲಿಂಗಯ್ಯ ಜಗಲಿಯ ಮೇಲೆ ಕೂತು, ಜೀವಮಾನದಲ್ಲೇ ಮೊದಲ ಬಾರಿಗೆ, ಒಂದು ರುಚಿಯನ್ನು ವರ್ಣಿಸಿದ.

"ಬೀರು ಅಂತಾರೆ ಕಣಮ್ಮಿ, ಆದ್ರೆ ನಮ್ ಕಡೆ ಬೀರಲ್ಲ. ಮೊದ್ಲು ಹೇರಳೆಕಾಯಿ ಸಿಪ್ಪೆ ಹಿಂಡ್ದಂಗೆ ಮೂಗ್ಗೆ ಬತ್ತದೆ. ಆಮೇಲೆ ಒಸಿ ಸಿಹಿ. ಅಯ್ಯೋ ಇಷ್ಟೇನಾ ಅನ್ಕಳ ಹೊತ್ಗೆ, ಬೇವಿನ್ ಕಹಿ ಎಲ್ಲಿತ್ತೋ, ಹಿಂದ್ಲಿಂದ ಬಂದು ಕುಂತ್ಕಂಡ್ಬುಡ್ತದೆ. ಎದ್ದೋಗಾಕೇ ಇಲ್ಲ."

ದಾಸಮ್ಮ ಬಾಯಿ ಬಿಟ್ಟುಕೊಂಡು ಕೇಳಿಸಿಕೊಂಡಳು. ಉಪ್ಪು ಹೆಚ್ಚೇ ಎಂದರೆ "ಊಂ", ಕಮ್ಮಿಯೇ ಎಂದರೂ "ಊಂ" ಎನ್ನುತ್ತಿದ್ದ ಮನುಷ್ಯ! ಅವಳಿಗೆ ಬೆರಗಾಯಿತು, ಜೊತೆಗೆ ಒಸಿ ಹೊಟ್ಟೆಕಿಚ್ಚೂ ಆಯಿತು. ಆತನೇ ಮುಂದುವರಿದು, "ಒಂದ್ ಕಿತ ನೀನೂ ಬಾ. ನೀ ನೋಡಿ ಹೇಳು, ಚೆನ್ನಾಗೈತೋ ಇಲ್ವೋ ಅಂತ. ನಂಗೇನ್ ತಿಳೀತದೆ?" ಎಂದ. "ಹೆಂಗ್ಸು ಹೋಗಿ ಬೀರ್ ಕುಡೀಬೇಕಾ? ನಿಮ್ಗೆ ತಲೆಗಿಲೆ ಕೆಟ್ಟದಾ?" ಎಂದು ಅವಳು ಗದರಿದಳು. ಆತ ಮತ್ತೂ ಕೆಲವು ಸಲ ಕರೆದ. ಅವಳು ಅಷ್ಟೂ ಸಲ ಗದರಿದಳು. ಆಮೇಲೆ ಆತ ಕರೆಯುವುದನ್ನು ಬಿಟ್ಟ. ಮರಿ ಕೊಟ್ಟು ಬರುವ ದಿನ ಮಾತ್ರ ಆತನ ಮೀಸೆಯಲ್ಲಿ ಹೇರಳೆಕಾಯಿಯ ವಾಸನೆ ಇರುತ್ತಿತ್ತು. ಅವಳು ನೋಡಿ ಸರಿ ಎನ್ನದೆ ಆತನ ಬಾಯಿಗೆ ಹೋದದ್ದು ಅದೊಂದೇ.

ಪುಟ್ಟಲಿಂಗಯ್ಯ ಒಂದು ಬೇಸಗೆಯ ಮಧ್ಯಾಹ್ನ ಹುಣಿಸೆಮರದ ನೆರಳಲ್ಲಿ, ಮೇಯುತ್ತಿದ್ದ ಕುರಿಗಳ ನಡುವೆ ಮಲಗಿದವನು ಏಳಲಿಲ್ಲ. ಅದೇ ವರ್ಷದ ಪಿತೃಪಕ್ಷಕ್ಕೆ ದಾಸಮ್ಮ ಹಟ ಹಿಡಿದಳು: ಎಡೆಗೆ ಆ ಕಹಿ ಬೀರೇ ಬೇಕು. ದೊಡ್ಡಹನುಮಯ್ಯ, "ಬ್ರಾಂದಿ ಇಕ್ಬುಡು ದಾಸಮ್ಮ, ನಮ್ಮಪ್ಪುಂಗೂ ಅದ್ನೇ ಇಕ್ತಿರೋದು" ಎಂದು ಬುದ್ಧಿ ಹೇಳಿದ. ಅವಳು ಕೇಳಲಿಲ್ಲ. ಮೊದಲ ಪಕ್ಷಕ್ಕೆ ಬಂದವರು ಎಲೆಯ ಮೇಲೆ ತಮ್ಮದನ್ನು ಕಾಣದೆ ಮುಖ ತಿರುಗಿಸಿಕೊಂಡು ಹೋದರೆ ಮತ್ತೆ ಆ ಹೊಸಿಲು ತುಳಿಯುವುದಿಲ್ಲವೆಂಬುದು ಅವಳ ನಂಬಿಕೆ. ಅದನ್ನು ಯಾರು ಹೇಳಿಕೊಟ್ಟರೋ ತಿಳಿಯದು, ಆದರೆ ಆ ಭಯ ಅವಳ ಎದೆಯಲ್ಲಿ ನಿಜವಾಗಿ ಕೂತಿತ್ತು.

ಬಿಡದಿಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡುವ ಮಗ ಕನಕರಾಜು, ಆ ಗಾಜಿನ ಮನೆಗೆ ಹೋಗಿಬರಲು ಸೋಮಾರಿತನಪಟ್ಟು, ವೈನ್ ಶಾಪಿನಿಂದ ಒಂದು ಬೀರು ಬಾಟಲಿ ತಂದು, ಮೇಲಿನ ಚೀಟಿಯನ್ನು ನೀರಲ್ಲಿ ನೆನೆಸಿ ಕಿತ್ತು, "ತಗಳವ್ವ, ಅಪ್ಪುಂದು" ಎಂದು ಮುಂದಿಟ್ಟ. ಮುಚ್ಚಳ ತೆಗೆಸಿ ಮೂಗಿನ ಬಳಿ ಹಿಡಿದದ್ದೇ ತಡ ದಾಸಮ್ಮ ಅದನ್ನು ದೂರ ಸರಿಸಿದಳು.

"ಇದು ನಿಮ್ಮಪ್ಪನ್ ಮೀಸೆ ವಾಸ್ನೆ ಅಲ್ಲ ಕಣ್ಲಾ."

"ಸತ್ತೋರ್ಗೇನು ಗೊತ್ತಾಯ್ತದೆ ಬುಡವ್ವ."

"ಸತ್ತೋರ್ಗೆ ಗೊತ್ತಾಗಾಕಿಲ್ಲ ಅಂದ್ರೆ ಎಡೆ ಯಾಕ್ಲಾ ಇಕ್ಕೋದು?"

ಕನಕರಾಜು ತಲೆ ಕೆರೆದುಕೊಂಡ. ಎಡೆ ಇಡಬೇಕಾದ ಅಮಾವಾಸ್ಯೆಯ ಹಿಂದಿನ ದಿನ ದಾಸಮ್ಮ ಸೊಸೆ ಕುಸುಮಳನ್ನು ಕರೆದುಕೊಂಡು ರಾಮನಗರದ ಬಸ್ಸು ಹತ್ತಿದಳು.

ಗಾಜಿನ ಮನೆಯ ಬಾಗಿಲಲ್ಲಿ ಅವಳ ಹಿಮ್ಮಡಿ ಮೊದಲ ಬಾರಿಗೆ ಸದ್ದಿಲ್ಲದೆ ನೆಲ ಮುಟ್ಟಿತು. ಒಳಗೆ ಆಳೆತ್ತರದ ತಾಮ್ರದ ಹಂಡೆಗಳು, ಉಕ್ಕಿನ ಪೀಪಾಯಿಗಳು, ಗೋಡೆಯುದ್ದಕ್ಕೂ ನಲ್ಲಿಗಳು. ಮಧ್ಯಾಹ್ನವಾದ್ದರಿಂದ ಕುಡಿಯುವವರು ಇರಲಿಲ್ಲ. ಹಂಡೆಯಿಂದ ಮೊಳಕೆಕಾಳು ಬೆಂದ ಹಬೆ ಏಳುತ್ತಿತ್ತು. ದಾಸಮ್ಮ ಮೂಗರಳಿಸಿ, "ಹುರಿಹಿಟ್ಟಿನ್ ವಾಸ್ನೆ ಕಣೆ ಕುಸುಮ! ಇದೂ ಒಂದು ಅಡುಗೆಮನೆಯೇ ಬುಡು" ಎಂದು ಧೈರ್ಯ ತಂದುಕೊಂಡಳು. ಸುದ್ದಿ ತಿಳಿದು ಓಡಿಬಂದ ವಹಾಬ್ ಕುರ್ಚಿ ಎಳೆದು ಕೂರಿಸಿ, ಸತ್ತವನ ಹೆಸರೆತ್ತಿ ಕಣ್ಣು ಒರೆಸಿಕೊಂಡ. ಆದರೆ ಅವನಿಂದ ಕೆಲಸವಾಗಲಿಲ್ಲ.

"ಕಹಿ ಬೀರು ಎರಡು ನಲ್ಲೀಲಿ ಬರುತ್ತಮ್ಮ. ಅಣ್ಣಂಗೆ ಯಾವುದ್ರಲ್ಲಿ ಹಿಡಿದು ಕೊಡ್ತಿದ್ರೋ ನಾನು ನೋಡ್ಲಿಲ್ಲ. ಕೊಡ್ತಿದ್ದೋನು ಕೆಲ್ಸ ಬಿಟ್ಟು ಹೋದ. ನಾನಂತೂ ಅದನ್ನ ಬಾಯಿಗೆ ಇಟ್ಟೋನಲ್ಲ, ನಿಮಗೇ ಗೊತ್ತು."

ಬೀರು ಕುದಿಸುವವಳು ಭಾನುಪ್ರಿಯ ಎಂಬ ಸೋಲೂರಿನ ಹೆಣ್ಣುಮಗಳು. ತಲೆಗೆ ವಸ್ತ್ರ ಬಿಗಿದು, ರಬ್ಬರ್ ಬೂಟು ಹಾಕಿಕೊಂಡಿದ್ದಳು. ಅವಳು ಈ ಕೆಲಸಕ್ಕೆ ಬಂದದ್ದು ಪುಟ್ಟಲಿಂಗಯ್ಯ ತೀರಿಕೊಂಡ ಮೇಲೆ. ಇದಕ್ಕೆ ಇಂಡಿಯಾ ಪೇಲ್ ಏಲ್ ಅನ್ನುತ್ತಾರೆ, ಕಹಿಯೂ ವಾಸನೆಯೂ ಹಾಪ್ಸ್ ಎಂಬ ಹೂವಿನಿಂದ ಬರುತ್ತದೆ ಎಂದು ಹೇಳಿ, ಒಣಗಿದ ಹಸಿರು ಹೂವೊಂದನ್ನು ದಾಸಮ್ಮನ ಅಂಗೈಗಿಟ್ಟು ಉಜ್ಜಲು ಹೇಳಿದಳು. ಉಜ್ಜಿದ ಕೈಯನ್ನು ದಾಸಮ್ಮ ಮೂಗಿಗೆ ತಂದಳು. ಬೇಸಗೆಯಿಂದ ಮನೆಯಲ್ಲಿ ಇಲ್ಲದ ಮನುಷ್ಯ ಅವಳ ಮುಖದ ಹತ್ತಿರವೇ ಬಂದು ಕೂತಂತಾಗಿತ್ತು. ಅವಳಿಗೆ ಅಳು ಬಂತು, ಅತ್ತಳು.

"ಯಾವುದ್ರಲ್ಲಿ ಈ ಹೂವ ಹಾಕಿದ್ದೀಯವ್ವ?"

"ಎರಡಕ್ಕೂ ಇದೇ ಅಮ್ಮ. ವಾಸ್ನೆ ಒಂದೇ ಥರ. ವ್ಯತ್ಯಾಸ ಎಲ್ಲ ನಾಲ್ಗೆ ಮೇಲೆ."

"ಒಸಿ ಸಿಹಿ ಬಂದು ಆಮೇಲೆ ಕಹಿ ಬರೋದು ಯಾವ್ದು?"

"ಸಿಹಿ ಎರಡರಲ್ಲೂ ಐತೆ. ಯಾವ್ದು ಮೊದ್ಲು ಅನ್ನೋದು ಒಬ್ಬೊಬ್ಬರ ನಾಲ್ಗೆಗೆ ಒಂದೊಂದ್ ಥರ. ಯಜಮಾನರ ನಾಲ್ಗೆ ನಂಗೆಂಗೆ ಗೊತ್ತಾಗ್ಬೇಕು? ನೀವೇ ನೋಡಿಬುಡಿ."

ಎರಡು ಪುಟ್ಟ ಲೋಟಗಳು ಮೇಜಿನ ಮೇಲೆ ಬಂದವು. ಎರಡೂ ಮಬ್ಬು ಜೇನಿನ ಬಣ್ಣ, ಮೇಲೆ ಬೆಳ್ಳಗೆ ನೊರೆ. ಬಲಗೈ ತಾನಾಗಿ ಮುಂದೆ ಹೋಯಿತು. ದಾಸಮ್ಮ ಅದನ್ನು ಎಡಗೈಯಿಂದ ಹಿಡಿದು ಹಿಂದಕ್ಕೆ ತಂದಳು. ಎಡೆಗೆ ಇಡುವುದನ್ನು ನಾಲಿಗೆಗೆ ಇಟ್ಟರೆ ಎಂಜಲು. ಬೇರೆ ಲೋಟದ್ದಲ್ಲವೇ ಎಂದು ಕುಸುಮ ಕೇಳಿದ್ದಕ್ಕೆ, "ಪೀಪಾಯಿ ಒಂದೇ ಅಲ್ವೇನೆ? ಸಾರಿನ್ ಪಾತ್ರೆಯಿಂದ ನಿನ್ ಬಟ್ಲಿಗೆ ಬಿಟ್ಕಂಡು ಕುಡುದ್ರೆ ಸಾರು ಮೀಸ್ಲಾಗಿ ಉಳೀತದಾ?" ಎಂದು ಬಾಯಿ ಮುಚ್ಚಿಸಿದಳು.

ಬೀರನ್ನು ಹೊರಗೆ ಕೊಡುವ ಹಾಗಿಲ್ಲ, ಕುಡಿಯುವವರು ಅಲ್ಲೇ ಕೂತು ಕುಡಿಯಬೇಕೆಂಬುದು ಆ ಮನೆಯ ಕಟ್ಟಳೆ. ವಹಾಬ್ ಸಂಕೋಚದಿಂದ ಅದನ್ನು ಹೇಳಿದಾಗ ಭಾನುಪ್ರಿಯ ಸ್ವಲ್ಪ ಯೋಚಿಸಿ, "ಇದುನ್ನ ಕುಡಿಯೋರು ಇಲ್ಲಿಗೆ ಬರಕಾಗಲ್ವಲ್ಲ ವಹಾಬಣ್ಣ" ಎಂದು, ಎರಡು ಬಾಟಲಿಗೆ ಎರಡೂ ಬಗೆಯನ್ನು ತುಂಬಿ, ಒಂದರ ಕೊರಳಿಗೆ ಗುರುತಿಗೆ ದಾರ ಕಟ್ಟಿ, ಎರಡನ್ನೂ ಎಡೆಗಿಟ್ಟುಬಿಡಿ ಎಂದು ಕಳಿಸಿಕೊಟ್ಟಳು.

ಎರಡನ್ನೂ ಇಟ್ಟಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ದಾಸಮ್ಮನ ಜಾಯಮಾನಕ್ಕೆ ಅದು ಒಗ್ಗುವುದಾದರೂ ಹೇಗೆ? ಇದೋ ಅದೋ, ಯಾವುದು ಸರಿಯೋ ನೀವೇ ನೋಡಿಕೊಳ್ಳಿ ಎಂದು ಬಡಿಸುವುದು ಅವಳ ದೃಷ್ಟಿಯಲ್ಲಿ ಬಡಿಸುವುದೇ ಅಲ್ಲ. ಅದರಲ್ಲೂ ಉಪ್ಪು ಸಪ್ಪೆ ತಿಳಿಯದ ಗಂಡಸಿನ ಮುಂದೆ! ಅಮಾವಾಸ್ಯೆಯ ಮಧ್ಯಾಹ್ನ ನಡುಮನೆಯಲ್ಲಿ ಎಲೆ ಹಾಕಿಯಾಗಿತ್ತು. ಮುದ್ದೆ, ಮಟನ್ ಸಾರು, ಹಾಗಲಕಾಯಿ ಪಲ್ಯ, ಮೊಟ್ಟೆ, ಒಂದು ಕಟ್ಟು ಬೀಡಿ ಎಲ್ಲ ಬಂದು ಕೂತಿದ್ದವು. ದೊಡ್ಡಹನುಮಯ್ಯ ಧೂಪದ ಬಟ್ಟಲು ಹಿಡಿದು ನಿಂತಿದ್ದ. ಎರಡು ಬಾಟಲಿ, ಒಂದು ಖಾಲಿ ಲೋಟ, ಅವುಗಳ ಮುಂದೆ ಬಾಯಿಗೆ ಬಟ್ಟೆ ಕಟ್ಟಿಕೊಂಡ ದಾಸಮ್ಮ. ಯಾವುದನ್ನು ಬಗ್ಗಿಸಲಿ? ತಪ್ಪು ಬಾಟಲಿ ಬಗ್ಗಿಸಿದರೆ ಆತ ಹೊಸಿಲಿಂದಲೇ ಹಿಂದಿರುಗುತ್ತಾನೆ. ನೋಡಿ ಬಗ್ಗಿಸಿದರೆ ಎಡೆಯೇ ಮೈಲಿಗೆ. "ಹೊತ್ತಾಯ್ತದೆ ಕಣವ್ವ, ಯಾವ್ದಾರ ಒಂದು ಬುಡು" ಎಂದ ಭಾವ. ಯಾವುದಾದರೂ ಒಂದು ಎಂಬ ಮಾತು ಅವಳಿಗೆ ಎಲ್ಲಿ ತಾಕಿತೋ. ಬಾಯಿಗೆ ಕಟ್ಟಿದ ಬಟ್ಟೆಯನ್ನು ಕೆಳಗೆಳೆದು, ಮೊದಲ ಬಾಟಲಿಯಿಂದ ಅಂಗೈಯ ಗುಳಿಗೆ ಬಿಟ್ಟುಕೊಂಡು ನಾಲಿಗೆಗೆ ಸೋಕಿಸಿದಳು.

"ಅಯ್ಯೋ ಅವ್ವ!" ಎಂದು ಕನಕರಾಜು ಕೂಗಿದ.

ಅವಳ ಕಣ್ಣು ಆಗಲೇ ಮುಚ್ಚಿತ್ತು. ಕಹಿ ಎದುರಿಂದಲೇ ನುಗ್ಗಿ, ಅಮೃತಬಳ್ಳಿ ಕಚ್ಚಿದಂತೆ ನಾಲಿಗೆಯ ತುದಿಯನ್ನು ಹಿಡಿದು, ಆಮೇಲೆ ಬಂದ ಸಿಹಿಗೆ ಜಾಗವನ್ನೇ ಬಿಡಲಿಲ್ಲ. ಅದಲ್ಲ. ನೀರು ಮುಕ್ಕಳಿಸಿ, ದಾರ ಕಟ್ಟಿದ ಎರಡನೆಯದನ್ನು ಬಿಟ್ಟುಕೊಂಡಳು. ನಾಲಿಗೆ ಮುಟ್ಟುವ ಮೊದಲೇ ಅದೇ ಹೇರಳೆಕಾಯಿ ಮೂಗಿಗೆ ಹೊಡೆಯಿತು. ನಂತರ ರಾಗಿ ಮೊಳಕೆಯ ಅಂಬಲಿಯಂಥ ತೆಳು ಸಿಹಿ ಬಾಯಿ ತುಂಬ ಹರಡಿತು. ಅದು ಆರುವಷ್ಟರಲ್ಲಿ ನಾಲಿಗೆಯ ಬುಡದಿಂದ ಕಹಿ ಅವಸರವಿಲ್ಲದೆ ಎದ್ದು, ಒಂದೊಂದೇ ಹೆಜ್ಜೆ ಮುಂದೆ ಬಂದು, ತನ್ನ ಜಾಗ ನೋಡಿಕೊಂಡು ಕೂತಿತು. ಎದ್ದು ಹೋಗಲಿಲ್ಲ. ಆತ ಜಗಲಿಯ ಮೇಲೆ ಹೇಳಿದ ಒಂದೊಂದು ಮಾತೂ ಅದೇ ಕ್ರಮದಲ್ಲಿ ಅವಳ ಬಾಯೊಳಗೆ ನಡೆದುಹೋಯಿತು. ನಾಲಿಗೆಯೇ ಇಲ್ಲವೆಂದು ತಾನು ಜೀವಮಾನವೆಲ್ಲ ತಿಳಿದಿದ್ದ ಮನುಷ್ಯ ಒಂದೂ ಅಕ್ಷರ ತಪ್ಪದೆ ಹೇಳಿದ್ದ.

"ಎಂಜ್ಲು ಮಾಡ್ಬುಟ್ಟೆಯಲ್ಲ ದಾಸಮ್ಮ! ಮೊದ್ಲ ಪಕ್ಷ ಕಣವ್ವ!" ದೊಡ್ಡಹನುಮಯ್ಯ ಧೂಪದ ಬಟ್ಟಲನ್ನು ನೆಲಕ್ಕಿಟ್ಟುಬಿಟ್ಟ.

ಭಾವನ ಎದುರಿಗೆ ದನಿಯೆತ್ತಿ ಅವಳಿಗೆ ಅಭ್ಯಾಸವಿಲ್ಲ. ಅಂಗೈಯನ್ನು ಸೆರಗಿಗೆ ಒರೆಸಿಕೊಂಡು, ತಲೆ ತಗ್ಗಿಸಿಯೇ ಹೇಳಿದಳು: "ನಾ ನೋಡ್ದೆ ಇದ್ದುದ್ನ ನಿಮ್ ತಮ್ಮ ಯಾವತ್ತು ಉಂಡವ್ರೆ ಬಾವ?"

ಜೀವನವಿಡೀ ಆ ಮಾತನ್ನೇ ಹಾಸ್ಯ ಮಾಡಿ ನಕ್ಕಿದ್ದ ಮುದುಕ ಇವತ್ತು ನಗಲಿಲ್ಲ. ಎಲೆಯನ್ನು ನೋಡಿದ, ಬಾಟಲಿಯನ್ನು ನೋಡಿದ, ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕೂತಿದ್ದ ತಮ್ಮನ ಫೋಟೋವನ್ನು ನೋಡಿದ. ಆಮೇಲೆ, "ಸರಿ, ಲೋಟಕ್ಕೆ ಬುಡು. ನೊರೆ ಬರಂಗೆ ಬುಡು" ಎಂದ. ದಾಸಮ್ಮ ದಾರ ಕಟ್ಟಿದ ಬಾಟಲಿಯನ್ನು ಎತ್ತಿ ಲೋಟ ತುಂಬಿದಳು. ಧೂಪ ಹಾಕಿ, ಅಡ್ಡಬಿದ್ದು, ಬಾಗಿಲು ಮುಂದೆಳೆದುಕೊಂಡು ಎಲ್ಲರೂ ಜಗಲಿಗೆ ಬಂದರು.

ಆ ಹೊತ್ತಿನಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಒಳಗಿರುವವರು ಸಮಾಧಾನವಾಗಿ ಉಣ್ಣಬೇಕು. ದೊಡ್ಡಹನುಮಯ್ಯ ಕಂಬಕ್ಕೆ ಒರಗಿ, ಬೀದಿಯ ಕಡೆ ನೋಡುತ್ತ, ಯಾರನ್ನೋ ಕೇಳುವಂತೆ ಮೆಲ್ಲಗೆ ಕೇಳಿದ: "ಹೆಂಗಿತ್ತವ್ವ ಅದು?"

ದಾಸಮ್ಮ ನಾಲಿಗೆಯನ್ನು ಬಾಯೊಳಗೆ ಒಮ್ಮೆ ಆಡಿಸಿದಳು. ಕಹಿ ಇನ್ನೂ ಬಾಯಲ್ಲಿತ್ತು.

"ಚೆನ್ನಾಗೈತೆ ಬಾವ. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ಅವ್ರು ಹೇಳಿದ್ದೇ ಸರಿ." ಆಮೇಲೆ ಮುಚ್ಚಿದ ಬಾಗಿಲ ಕಡೆ ತಿರುಗಿ, ಒಳಗೆ ಕೇಳಲೆಂಬಂತೆ ಒಸಿ ಜೋರಾಗಿಯೇ ಅಂದಳು: "ಕರ್ದಾಗ್ಲೇ ಹೋಗಿ ನೋಡಿ ಹೇಳ್ಬೇಕಿತ್ತು. ಅಷ್ಟೇಯ."

ಜಗತ್ತಿನಲ್ಲಿ ಬಡಿಸುವವರು ಬಹಳ. ನೋಡಿ ಬಡಿಸುವವರು ಕಡಿಮೆ. ಈ ಎರಡನೆಯ ಜಾತಿಯವರು ತಮ್ಮ ನಾಲಿಗೆಯನ್ನು ತಮ್ಮ ಸುಖಕ್ಕೆಂದು ಇಟ್ಟುಕೊಂಡವರಲ್ಲ. ಸುಡುವುದು, ಹಳಸಿದ್ದು, ಉಪ್ಪು ಮೀರಿದ್ದು ಎಲ್ಲವೂ ಮೊದಲು ತಮಗೇ ತಾಕಲಿ, ತಾಕಿ ಸರಿಯಾದ ಮೇಲೆ ಇನ್ನೊಬ್ಬರಿಗೆ ಹೋಗಲಿ ಎಂದು ಬದುಕುತ್ತಾರೆ. ಅದನ್ನು ಪ್ರೀತಿಯೆಂದು ಕರೆಯುವುದು ಅವರಿಗೂ ಹೊಳೆಯುವುದಿಲ್ಲ, ಉಂಡವರಿಗೂ ಹೊಳೆಯುವುದಿಲ್ಲ. ಅವರ ಪ್ರೀತಿಗೆ ಮಡಿ ಮೈಲಿಗೆಯ ಲೆಕ್ಕ ತಿಳಿಯದು. ನಾವು ಅವರನ್ನು ನೋಡಿ ನಗುತ್ತೇವೆ, ಅವರು ಸರಿಯೆಂದದ್ದನ್ನು ಉಂಡು ಎದ್ದು ಹೋಗುತ್ತೇವೆ. ಅಂಥವರು ಉಳಿದು, ಅವರ ತಲೆಯಾಡಿಕೆಗಾಗಿ ಎಲೆಯ ಮುಂದೆ ಕೈಕಟ್ಟಿ ಕಾಯುತ್ತಿದ್ದವರು ಮೊದಲು ಹೊರಟುಹೋದಾಗ, ಉಳಿದವರಿಗೆ ಅಡುಗೆ ಮರೆಯುವುದಿಲ್ಲ, ರುಚಿಯೂ ಕೆಡುವುದಿಲ್ಲ. ಚೆನ್ನಾಗಿದೆ ಎಂದು ಯಾರಿಗೆ ಹೇಳಬೇಕೆಂಬುದೊಂದು ಮಾತ್ರ ತಿಳಿಯದೆ ಹೋಗುತ್ತದೆ.